ಸಕ್ರವ್ವನ ಓರೆ ಹೊಲದ ಕೌದಿ

ಗಜೇಂದ್ರಗಡದಲ್ಲಿ ಸಕ್ರವ್ವನ ಮನೆ ಎಲ್ಲಿ ಎಂದು ಕೇಳಿದರೆ ಆ ಕಾಲದಲ್ಲಿ ಯಾರೂ ದಾರಿ ತೋರಿಸುತ್ತಿರಲಿಲ್ಲ. "ಸುಮ್ನ ಇಲ್ಲೇ ಒಂದೀಟು ನಿಂದರ್ರಿ, ಈಗ ಹಾದು ಹೊಕ್ಕಾಳ" ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು. ಬಗಲಲ್ಲಿ ಹಳೆ ಬಟ್ಟೆಯ ಗಂಟು, ಕುಬಸದ ತೋಳಿಗೆ ಚುಚ್ಚಿಕೊಂಡ ಎರಡು ಸೂಜಿ, ಬಾಯಲ್ಲಿ ಎಲೆ ಅಡಿಕೆ. ಬಜಾರದ ಎರಡೂ ಕಡೆಯವರನ್ನು ಹೆಸರು ಹಿಡಿದು ಮಾತಾಡಿಸುತ್ತ, ಯಾರ ಉತ್ತರಕ್ಕೂ ನಿಲ್ಲದೆ ದಡದಡ ಹೋಗುವ ನಲವತ್ತರ ಹೆಂಗಸು. ಪುಣ್ಯಕ್ಕೆ ಅವಳು ಕೌದಿ ಹೊಲಿಯುವಾಗ ಮಾತ್ರ ಒಂದು ಕಡೆ ಕೂತಿರುತ್ತಿದ್ದಳು. ಇಲ್ಲದಿದ್ದರೆ ಊರಿನವರು ಅವಳ ಬೆನ್ನನ್ನಷ್ಟೇ ಕಂಡಿರುತ್ತಿದ್ದರು.

ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡಾದ ಅಂಗಿ, ಇವನ್ನೆಲ್ಲ ಮನೆಮನೆಯವರು ಗಂಟು ಕಟ್ಟಿ ಅವಳಿಗೆ ಕೊಡುತ್ತಿದ್ದರು. ಅವಳು ಅವನ್ನು ನೆಲಕ್ಕೆ ಪದರುಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಕೈಯಿಂದಲೇ ಸಣ್ಣಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡಿ ಕೊಡುತ್ತಿದ್ದಳು. ಎಂಟು ಹತ್ತು ದಿನದ ಕೆಲಸ. ಕೂಲಿಗೆ ಜೋಳ, ಮಧ್ಯಾಹ್ನ ಊಟ, ಹೊಟ್ಟೆ ತುಂಬ ಹರಟೆ. ಮೆಣಸಗಿಯಿಂದ ಹದಿಮೂರು ವರ್ಷದ ಸೊಸೆಯಾಗಿ ಬಂದಾಗ ಅವಳಿಗೆ ಗುಂಡಿ ಹಚ್ಚುವುದಕ್ಕೂ ಬರುತ್ತಿರಲಿಲ್ಲ. ಅತ್ತೆ ಕಳಕವ್ವ ಬೆರಳಿನ ಗೆಣ್ಣಿಗೆ ಹೊಡೆದು ಹೊಡೆದು ಕಲಿಸಿದ್ದಳು. ತುಂಡು ಚೌಕ ಇರಬೇಕು. ಹೊಲಿಗೆ ಅಂಚಿನಿಂದ ಹಿಡಿದು ಸುತ್ತಸುತ್ತ ಬಂದು ನಡುವೆ ಮುಗಿಯಬೇಕು. ಇಷ್ಟೇ ಪಾಠ. ಅತ್ತೆ ಸತ್ತು ಹತ್ತು ವರ್ಷವಾದರೂ ಸಕ್ರವ್ವ ಆ ಚೌಕದ ಹೊರಗೆ ಕಾಲಿಟ್ಟಿರಲಿಲ್ಲ. ಇಡಬಹುದು ಎಂಬುದೂ ಅವಳಿಗೆ ಹೊಳೆದಿರಲಿಲ್ಲ.

ಅದು ಹೊಳೆದದ್ದು ಒಂದು ಆಡಿನಿಂದ. ಐವತ್ತೇಳನೆಯ ಇಸವಿ ಮುಗಿಯಲು ಬಂದಿತ್ತು. ಎಳ್ಳಮಾಸಿ ಹಬ್ಬ ಕಳೆದು ನಾಲ್ಕೈದು ದಿನವಾಗಿರಬೇಕು, ಅವಳ ಕರಿ ಆಡು ಹಗ್ಗ ಹರಿದುಕೊಂಡು ಕೋಟೆಯ ಗುಡ್ಡ ಹತ್ತಿತು. ಸಕ್ರವ್ವ ಅದರ ಮೂರು ತಲೆಮಾರಿಗೂ ಬೈಯುತ್ತ ಬೆನ್ನುಹತ್ತಿದಳು. ಮೇಲಿನ ಗೋಡೆಯ ಹತ್ತಿರ ಉಸಿರು ಕಟ್ಟಿ, ಸೊಂಟಕ್ಕೆ ಕೈಯಿಟ್ಟು ನಿಂತು, ಬಂದ ದಾರಿಯತ್ತ ತಿರುಗಿ ನೋಡಿದಳು.

ಹುಟ್ಟಿದಾಗಿನಿಂದ ಹೊಲದಲ್ಲೇ ಬೆಳೆದವಳು ಅವಳು. ಕಳೆ ತೆಗೆದಿದ್ದಳು, ಕಡಲೆ ಕಿತ್ತಿದ್ದಳು, ಬುತ್ತಿ ಹೊತ್ತಿದ್ದಳು. ಆದರೆ ಹೊಲವನ್ನು ಮೇಲಿನಿಂದ ನೋಡಿರಲಿಲ್ಲ. ಈ ಗುಡ್ಡ ಹಿಂದೆ ಹತ್ತಿದಾಗಲೆಲ್ಲ ತಲೆಯ ಮೇಲೆ ಕಟ್ಟಿಗೆಯ ಹೊರೆ, ಇಲ್ಲವೇ ಕಣ್ಣೆಲ್ಲ ಕಾಲ ಕೆಳಗಿನ ಕಲ್ಲಿನ ಮೇಲೆ. ಈಗ ನೋಡಿದರೆ ಕೆಳಗೆ ಒಂದು ಹೊಲವೂ ಚೌಕವಾಗಿರಲಿಲ್ಲ! ಕುಸುಬೆಯ ಹಳದಿ ಹೊಲ ಒಂದು ಕಡೆ ಅಗಲವಾಗಿ ಹೊರಟು ಇನ್ನೊಂದು ಕಡೆ ಚೂಪಾಗಿ ಮುಗಿದಿತ್ತು. ಅದಕ್ಕೆ ಹತ್ತಿಕೊಂಡು ಅಗಸೆಯ ನೀಲಿ ಪಟ್ಟಿ. ಆಚೆ ತೆನೆ ಹಿಡಿದ ಬಿಳಿಜೋಳ, ಈಚೆ ಹರಗಿ ಬಿಟ್ಟ ಕಪ್ಪು ಎರೆ. ಇವೆಲ್ಲದರ ನಡುವೆ ಹಳ್ಳವೊಂದು ತನಗೆ ಬೇಕಾದ ಕಡೆ ಹೊರಳುತ್ತ, ಹೊಲಗಳನ್ನೆಲ್ಲ ಆ ಕಡೆ ಈ ಕಡೆ ತಳ್ಳಿಕೊಂಡು ಹೋಗಿತ್ತು. ಎಲ್ಲವೂ ಓರೆ. ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂತಿದ್ದವು.

"ಯವ್ವಾ!" ಎಂದಳು ಸಕ್ರವ್ವ, ಗಟ್ಟಿಯಾಗಿಯೇ. ಇಷ್ಟು ದಿನ ತಾನು ಹೊಲಿದದ್ದೆಲ್ಲ ಏನು ಎಂದು ಒಂದು ಗಳಿಗೆ ನಾಚಿಕೆಯೂ ಆಯಿತು. ಆಮೇಲೆ ಆ ನಾಚಿಕೆಗೂ ಪುರುಸೊತ್ತು ಸಿಗಲಿಲ್ಲ, ಅವಳು ಆಗಲೇ ಗುಡ್ಡ ಇಳಿದು ಓಡುತ್ತಿದ್ದಳು.

ಬಾಗಿಲಲ್ಲಿ ಗಂಡ ಹನಮಪ್ಪ ಬಾರುಕೋಲು ಕೆತ್ತುತ್ತ ಕೂತಿದ್ದ. "ಆಡು ಸಿಕ್ಕತೇನ?" ಎಂದ.

"ಯಾವ ಆಡು?"

ಬೇಕಂತಲೇ ಕೇಳಿದ್ದ ಹನಮಪ್ಪ ಬಾರುಕೋಲಿನಿಂದ ಒಳಗೆ ತೋರಿಸಿದ. ಆಡು ಅವಳಿಗಿಂತ ಮೊದಲೇ ಮನೆಗೆ ಬಂದು ಗೋದಲಿಯ ಹತ್ತಿರ ಮೆಲುಕು ಹಾಕುತ್ತಿತ್ತು. ಅವಳು ಅದನ್ನು ದಾಟಿ ಒಳಗೆ ಹೋಗಿ, ರಂಗೋಲಿ ಹಿಟ್ಟಿನ ಡಬ್ಬಿ ತಂದು, ಪಡಸಾಲೆಯ ನೆಲದ ತುಂಬ ಗೆರೆ ಎಳೆಯತೊಡಗಿದಳು.

"ಇದೇನಿದು ರಂಗೋಲಿ? ಎಮ್ಮಿ ಹೊಳ್ಳ್ಯಾಡಿದಂಗ ಐತಿ."

"ರಂಗೋಲಿ ಅಲ್ರೀ, ಹೊಲ. ಗುಡ್ಡದ ಮ್ಯಾಲಿಂದ ನೋಡೇನಿ. ಇದನ್ನ ಕೌದಿ ಮಾಡ್ತೀನಿ."

"ಹೊಲಾ ಹೊಚಗೊಂಡು ಮಕ್ಕೊಳ್ಳಾಕಿ ಏನು?" ಎಂದು ಹನಮಪ್ಪ ನಕ್ಕ. ಅವಳಿಗೆ ಕೇಳಿಸಲೇ ಇಲ್ಲ.

ಮರುದಿನದಿಂದ ಬಣ್ಣದ ಬೇಟೆ ಶುರುವಾಯಿತು. ಪಕ್ಕದ ಮನೆಯ ರೇಣವ್ವನ ಸವೆದ ಕರಿ ಚಂದ್ರಕಾಳಿ ಸೀರೆ ಎರೆ ಹೊಲವಾಯಿತು. ಟಪಾಲಿನವನ ಹರಿದ ಖಾಕಿ ಪ್ಯಾಂಟು ಬಲಿತ ಗೋಧಿಯಾಯಿತು. ಯಾರದೋ ನೀಲಿ ಲಂಗ ಅಗಸೆಗೆ ಬಂತು. ದಾರಿಯಲ್ಲಿ ಹೋಗುವವರ ಸೆರಗು ಹಿಡಿದು "ಇದು ಯಾವಾಗ ಹರೀತೈತಿ ನಿಂದು?" ಎಂದು ಕೇಳುವ ಮಟ್ಟಕ್ಕೆ ಹೋದಳು ಸಕ್ರವ್ವ. ಕುಸುಬೆಯ ಹಳದಿ ಮಾತ್ರ ಎಲ್ಲೂ ಸಿಗಲಿಲ್ಲ. ಅರಿಷಿಣದಲ್ಲಿ ಅದ್ದಿದರೆ ಎರಡು ಒಗೆತಕ್ಕೆ ಬಣ್ಣ ಹಾರಿಹೋಗುತ್ತದೆ. ಕೊನೆಗೆ ದರ್ಜಿ ಮೌಲಾಸಾಬನ ಹೆಂಡತಿ ಮಾಬೂಬಿ ತನ್ನ ಟ್ರಂಕಿನ ತಳದಿಂದ ಹಳದಿ ಓಢಣಿ ತೆಗೆದುಕೊಟ್ಟಳು. ಅವಳ ಮದುವೆಯದು.

"ಇದನ್ನ ಕತ್ತರಸಲೇನ ಮಾಬೂಬಿ?" ಎಂದು ಸಕ್ರವ್ವ ಓಢಣಿಯನ್ನು ಮತ್ತೆ ಟ್ರಂಕಿನ ಮೇಲಿಟ್ಟಳು.

"ಕತ್ತರಸು. ಮೊಮ್ಮಕ್ಕಳಾದ್ವು, ಇನ್ನ ಯಾವಾಗ ಹೊಚಗೊಳ್ಳಲಿ? ಟ್ರಂಕಿನಾಗ ನುಸಿ ತಿನ್ನೂದಕ್ಕಿಂತ ನಿನ್ನ ಹೊಲದಾಗ ಇರಲಿ."

ಕತ್ತರಿಸಿದಳು, ಓರೆಯಾಗಿ, ಗುಡ್ಡದಿಂದ ಕಂಡ ಹಾಗೆಯೇ. ಹೊಲಿಯಲು ಕೂತರೆ ಬಟ್ಟೆ ಮಾತು ಕೇಳಲೊಲ್ಲದು! ಚೌಕದ ತುಂಡುಗಳು ಹೇಳಿದಲ್ಲಿ ಕೂಡುತ್ತಿದ್ದವು. ಇವು ಎಳೆದರೆ ಉದ್ದವಾಗುತ್ತವೆ, ಬಿಟ್ಟರೆ ಮುದುಡುತ್ತವೆ. ಅಂಚಿಗೆ ಅಂಚು ತಾಗಿಸಿದರೆ ನಡುವೆ ಉಬ್ಬು ಏಳುತ್ತದೆ. ಮೂರು ದಿನ ಹೊಲಿದಳು, ಮೂರು ದಿನ ಬಿಚ್ಚಿದಳು. ಇಪ್ಪತ್ತೇಳು ವರ್ಷ ಕೈಯಾಡಿಸಿದ ಕೆಲಸ ಈಗ ಹೊಸದಾಗಿ ಹಲ್ಲು ತೋರಿಸುತ್ತಿತ್ತು. ಸಿಟ್ಟಿಗೆದ್ದು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಮೌಲಾಸಾಬನ ಅಂಗಡಿಗೆ ನಡೆದಳು.

ಮೌಲಾಸಾಬ ಮಷೀನು ನಿಲ್ಲಿಸಿ, ಕನ್ನಡಕ ಏರಿಸಿ, ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿದ.

"ಯಕ್ಕಾ, ಎಳಿ ಹಿಡಿದು ನೆಟ್ಟಗ ಕತ್ತರಿಸಿದ ಬಟ್ಟಿ ಜಗ್ಗಂಗಿಲ್ಲ. ಓರೆ ಕತ್ತರಿಸಿದ್ದು ಜಗ್ಗತೈತಿ. ಕೋಟಿನ ಕಾಲರಿಗೆ ನಾವು ಬೇಕಂತನ ಹಂಗ ಕತ್ತರಸ್ತೀವಿ. ನೀ ಇದನ್ನ ಎಳದು ಕೂಡಸ್ಲಿಕ್ಕೆ ಹೋಗಬ್ಯಾಡ. ಕೂಸಿನ ಮಲಗಿಸಿದಂಗ ತಳದ ಬಟ್ಟಿ ಮ್ಯಾಲ ಮಲಗಸು. ಉದ್ದುದ್ದ ಕಚ್ಚಾ ಹೊಲಿಗಿ ಹಾಕು. ಒಂದ ದಿನಾ ಬಿಡು. ಆಮ್ಯಾಲ ಅಂಚು ಮಡಚಿ ಸಣ್ಣ ಹೊಲಿಗಿ ಹಾಕು. ಕಚ್ಚಾ ದಾರ ಕಡೀಕ ತಗದಬಿಡು."

ಸಕ್ರವ್ವ ಕೇಳಿದಷ್ಟೇ ತಡ, ಉತ್ತರ ಕೊಡದೆ ಎದ್ದು ಹೊರಟೇಬಿಟ್ಟಳು. ಅಂದು ಸಂಜೆಯೊಳಗೆ ಕುಸುಬೆ ಹೊಲ ಒಂದು ಸುಕ್ಕಿಲ್ಲದೆ ಚಂದ್ರಕಾಳಿಯ ಪಕ್ಕದಲ್ಲಿ ಮಲಗಿತ್ತು. ಅವಳು ಅದರ ಸುತ್ತ ಮೂರು ಸಲ ತಿರುಗಿದಳು, ಕೂತಳು, ಎದ್ದಳು, ಮತ್ತೆ ತಿರುಗಿದಳು.

ಆಮೇಲೆ ಬಂದದ್ದು ಅತ್ತೆಯ ಎರಡನೆಯ ಪಾಠ, ಅಂಚಿನಿಂದ ಸುತ್ತಿ ನಡುವಿಗೆ ಬರುವ ಹೊಲಿಗೆ. ಹಾಗೆ ಹೊಲಿದರೆ ಗೆರೆಗಳು ಹೊಲದಿಂದ ಹೊಲಕ್ಕೆ ಬದುವನ್ನೇ ದಾಟಿ ಹೋಗುತ್ತವೆ. ಯಾರ ಎತ್ತು ಹಾಗೆ ಊರೆಲ್ಲ ಸುತ್ತಿ ಸಾಲು ಹೊಡೆಯುತ್ತದೆ? ಸಕ್ರವ್ವ ಒಂದೊಂದು ಹೊಲಕ್ಕೂ ಅದರದೇ ಸಾಲು ಹಾಕಿದಳು. ಹನಮಪ್ಪ ಉಂಡು ಕೈ ತೊಳೆದು ಬಂದವನು ನಿಂತು ನೋಡಿ, ಹಳ್ಳದ ಪಕ್ಕದ ಹೊಲಕ್ಕೆ ಬೆರಳು ಮಾಡಿದ.

"ಇಲ್ಲೆ ತಪ್ಪೇತಿ. ಹಳ್ಳದ ಕಡೆ ಇಳಿಜಾರು ಇದ್ದಾಗ ಯಾವ ಶಾಣ್ಯಾ ಹಿಂಗ ಇಳಕಲಿಗೆ ಸಾಲ ಹೊಡೀತಾನ? ಮಣ್ಣೆಲ್ಲಾ ಕೊಚ್ಚಗೊಂಡು ಹೊಕ್ಕತಿ. ಅಡ್ಡ ಹೊಡೀಬೇಕು."

ಬೇರೆ ಯಾರಾದರೂ ಅವಳ ಹೊಲಿಗೆಗೆ ಹೆಸರಿಟ್ಟಿದ್ದರೆ ಸೂಜಿಯಿಂದ ಚುಚ್ಚುತ್ತಿದ್ದಳೇನೋ. ಈ ಸಲ ಕಣ್ಣರಳಿಸಿ ನೋಡಿ, "ಖರೇನ ರೀ!" ಎಂದವಳೇ ಇಡೀ ಹೊಲ ಬಿಚ್ಚಿ ಅಡ್ಡ ಹೊಲಿದಳು. ಅಂದಿನಿಂದ ಹನಮಪ್ಪನಿಗೂ ಹುಚ್ಚು ಹತ್ತಿತು. ಎತ್ತು ಬಿಟ್ಟು ಬಂದೊಡನೆ ಕೌದಿಯ ಬದಿಗೆ ಕುಕ್ಕರಗಾಲಲ್ಲಿ ಕೂತು, "ಆ ಮೂಲ್ಯಾಗ ಒಂದ ಬನ್ನಿ ಗಿಡ ಐತಲಾ" ಎಂದು ನೆನಪು ಮಾಡುತ್ತಿದ್ದ.

ಊರು ಮಾತ್ರ ಮೂಗು ಮುರಿಯಿತು. ನೋಡಲು ಬಂದವರು ಬಾಯಿಗೆ ಸೆರಗು ಒತ್ತಿ ಹೊರಗೆ ಹೋಗಿ ನಗುತ್ತಿದ್ದರು. "ಸಕ್ರವ್ವನ ಕಣ್ಣು ಮಂಜಾಗ್ಯಾವ, ನೆಟ್ಟಗ ಹೊಲ್ಯಾಕ ಬರವಲ್ತು" ಎಂಬ ಮಾತು ಬಜಾರ ಮುಟ್ಟಿ ತಿರುಗಿ ಅವಳ ಕಿವಿಗೇ ಬಂತು. ಗಂಟು ಕೊಡುತ್ತೇವೆ ಎಂದಿದ್ದ ಎರಡು ಮನೆಯವರು, "ಮುಂದ ನೋಡೂಣು" ಎಂದರು. ಅದು ಅವಳಿಗೆ ನೋವಾಯಿತು, ಚೆನ್ನಾಗಿಯೇ ನೋವಾಯಿತು. ತಾನು ಕಂಡದ್ದು ಇವರಿಗೂ ಕಾಣಬೇಕು, ಒಬ್ಬರಾದರೂ ನಿಂತು "ಹೌದಲ್ಲ!" ಎನ್ನಬೇಕು. ಅಷ್ಟಾಗದಿದ್ದರೆ ಗುಡ್ಡದ ಮೇಲೆ ತಾನು ನೋಡಿದ್ದೇ ಸುಳ್ಳು ಎಂದು ಅವಳಿಗೆ ಅನ್ನಿಸತೊಡಗಿತ್ತು.

ಎರಡು ತಿಂಗಳಿಗೆ ಕೌದಿ ಮುಗಿಯಿತು. ಮುಗಿಯಿತು ಎಂದರೆ ಒಂದು ಮೂಲೆ ಬಿಟ್ಟು. ಅವಳ ಅತ್ತೆಯ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕಡೆಯ ಮೂಲೆಯನ್ನು ಗೇಣಿನಷ್ಟು ತೆರೆದಿಟ್ಟು, ಕೌದಿ ಯಾರಿಗೋ ಅವರ ಕೈಯಿಂದ ಒಂದು ತುತ್ತು ಅದರೊಳಗೆ ಹಾಕಿಸಿ, ಆಮೇಲೆ ಬಾಯಿ ಹೊಲಿಯುವುದು. ಕೂಸಿನ ಕೌದಿಯಾದರೆ ತಾಯಿ ಅದರ ಕೈ ಹಿಡಿದು ಹಾಕಿಸಬೇಕು. ಉಪವಾಸದ ಕೌದಿ ಬೆಚ್ಚಗಿಡುವುದಿಲ್ಲ ಎಂದು ಕಳಕವ್ವ ನಂಬಿದ್ದಳು, ಸಕ್ರವ್ವನೂ ನಂಬಿದ್ದಳು. ಆದರೆ ಈ ಕೌದಿಗೆ ಯಾರ ಕೈ? ಇದಕ್ಕೆ ಯಾರೂ ಗಂಟು ಕೊಟ್ಟಿರಲಿಲ್ಲ, ಯಾರೂ ಹೊಲಿ ಎಂದಿರಲಿಲ್ಲ. ಮೂಲೆ ಹಾಗೇ ಉಳಿಯಿತು.

ಅದೇ ವಾರ ಹೆಂಗಸರ ಮಂಡಳದ ಕೆಲಸಕ್ಕೆ ಗ್ರಾಮಸೇವಿಕೆ ಸಕ್ಕೂಬಾಯಿ ಬಂದರು. ಸಕ್ರವ್ವನ ಪಡಸಾಲೆಗೆ ಕಾಲಿಟ್ಟವರು ಅಲ್ಲೇ ನಿಂತುಬಿಟ್ಟರು.

"ಸಕ್ರವ್ವಾರ, ಇದು ನಿಮ್ಮ ಗುಡ್ಡದ ಕೆಳಗಿನ ಹೊಲ ಅಲ್ಲೇನ್ರಿ? ಅದು ಹಳ್ಳ!"

"ನಿಮಗ ಕಾಣಸ್ತತೇನ್ರಿ ಬಾಯಾರ?" ಸಕ್ರವ್ವ ಅವರ ಮೊಳಕೈ ಹಿಡಿದಳು. "ಖರೇ ಹೇಳ್ರಿ, ಕಾಣಸ್ತತೇನ್ರಿ?"

"ಕಾಣಸ್ತತಿ ಅಂದ್ರ! ನಾಡದ್ದು ರೋಣದಾಗ ತಾಲೂಕಿನ ಪ್ರದರ್ಶನ ಐತಿ. ಇದನ್ನ ತಗೊಂಡು ನೀವು ಬರಬೇಕು. ಮೊದಲನೇದು ಬಂದದ್ದನ್ನ ಧಾರವಾಡಕ್ಕ ಕಳಸ್ತಾರ. ಜಿಲ್ಲಾದ ಮಂದಿ ಎಲ್ಲಾ ನೋಡ್ತಾರ."

ಜಿಲ್ಲೆಯ ಮಂದಿ ಎಲ್ಲ! ಆ ಎರಡು ದಿನ ಸಕ್ರವ್ವನಿಗೆ ಅನ್ನ ನೀರು ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹನಮಪ್ಪ ತಾನೇ ಬುತ್ತಿ ಕಟ್ಟಿ ಮೋಟಾರು ಹತ್ತಿಸಿದ. ರೋಣ ಮುಟ್ಟುವವರೆಗೂ ಕೌದಿಯನ್ನು ಅವಳು ತೊಡೆಯ ಮೇಲಿಂದ ಇಳಿಸಲಿಲ್ಲ. ಪಕ್ಕದವಳು ಕೇಳದಿದ್ದರೂ ಗಂಟು ಬಿಚ್ಚಿ ತೋರಿಸಿದಳು.

ಪ್ರದರ್ಶನದ ಚಪ್ಪರದಲ್ಲಿ ಉಣ್ಣೆಯ ಸ್ವೆಟರು, ಗಿಳಿ ಕಸೂತಿಯ ತಲೆದಿಂಬು, ಮಣಿಯ ತೋರಣ ಸಾಲಾಗಿ ಇದ್ದವು. ಹೆಸರು ಬರೆದುಕೊಳ್ಳುವ ಗುಮಾಸ್ತ ಗಂಟು ನೋಡಿ, "ಕೌದಿ? ಚಿಂದಿ ಯಾಕ ತಂದೀರವ್ವಾ ಇಲ್ಲೆ?" ಎಂದ. ಸಕ್ಕೂಬಾಯಿ ಅವನನ್ನು ಒಂದು ನೋಟ ನೋಡಿದರು. ಅಷ್ಟಕ್ಕೇ ಅವನು ಗೋಡೆಯ ಬದಿಯ ಹಗ್ಗ ತೋರಿಸಿದ.

ಮಧ್ಯಾಹ್ನ ಪರೀಕ್ಷೆ ಮಾಡುವವರು ಬಂದರು. ಅವರಲ್ಲಿ ಹಿರಿಯರು ಡ್ರಾಯಿಂಗ್ ಮಾಸ್ತರ ಗುರುಸಂಗಪ್ಪ. ಕಚ್ಚೆ ಪಂಚೆ, ಕರಿ ಕೋಟು, ಎಲ್ಲವನ್ನೂ "ಹ್ಞೂಂ, ಹ್ಞೂಂ" ಎನ್ನುತ್ತ ದಾಟುತ್ತಿದ್ದವರು ಕೌದಿಯ ಮುಂದೆ ನಿಂತರು. ಎರಡು ಹೆಜ್ಜೆ ಹಿಂದೆ ಸರಿದರು. ಮುಂದೆ ಬಂದು ಹಳ್ಳದ ಗುಂಟ ಬೆರಳು ಆಡಿಸಿದರು. "ಎಲಾ ಇವನ! ಸಾಲೂ ಹೊಡದೈತಿ, ಇಳಿಜಾರು ನೋಡಿ ಹೊಡದೈತಿ!" ಎಂದರು. ನಾಲ್ಕು ಮಂದಿ ಕೂಡಿದರು, ಆಮೇಲೆ ಹತ್ತು ಮಂದಿ. "ಇದು ಕುಸುಬಿ, ಇದು ಅಗಸಿ" ಎಂದು ರೈತರೇ ಒಬ್ಬರಿಗೊಬ್ಬರು ತೋರಿಸತೊಡಗಿದರು. ಕಂಬದ ಮರೆಯಲ್ಲಿ ನಿಂತಿದ್ದ ಸಕ್ರವ್ವನಿಗೆ ಕುಣಿಯಬೇಕೆನ್ನಿಸಿತು. ಕುಣಿಯಲು ಆಗದೆ ಕಂಬವನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಮೊದಲನೇದು ಇದ. ಬರಕೋರಿ" ಎಂದರು ಗುರುಸಂಗಪ್ಪ ಮಾಸ್ತರು.

ಬರೆದುಕೊಳ್ಳಲು ಬಂದ ಗುಮಾಸ್ತ ಮೂಲೆ ಎತ್ತಿ ನೋಡಿದ. "ಮಾಸ್ತರ, ಇಲ್ಲೆ ಬಾಯಿ ತಕ್ಕೊಂಡೈತಿ. ಅರ್ಧಮರ್ಧ ಇದ್ದದ್ದು ತಗೊಳ್ಳಂಗಿಲ್ಲ ಅಂತ ನಿಯಮ ಐತ್ರಿ. ಧಾರವಾಡದ ಲಾರಿ ನಾಕಕ್ಕ ಹೋಗತೈತಿ."

ಸಕ್ರವ್ವ ಕಂಬ ಬಿಟ್ಟು ಮುಂದೆ ಬಂದಳು. ಸಕ್ಕೂಬಾಯಿ ಓಡಿ ಬಂದು ಕಿವಿಯಲ್ಲಿ, "ನಾಕ ಹೊಲಿಗಿ ಹಾಕಿಬಿಡ್ರಿ ಸಕ್ರವ್ವಾರ, ಎಷ್ಟೊತ್ತಿನ ಕೆಲಸ" ಎಂದರು. ಸೂಜಿ ತೋಳಿನಲ್ಲೇ ಇತ್ತು. ತೆಗೆದಳು, ದಾರ ಪೋಣಿಸಿದಳು, ಮೂಲೆ ಹಿಡಿದಳು. ಕೈ ಮುಂದೆ ಹೋಗಲಿಲ್ಲ. ಯಾರೂ ತುತ್ತು ಹಾಕದ ಕೌದಿಯ ಬಾಯಿ ಹೊಲಿಯುವುದು ಅವಳಿಗೆ ಹಸಿದವರ ಬಾಯಿ ಮುಚ್ಚಿದ ಹಾಗೆ ಅನ್ನಿಸಿತು.

"ಆಗೂದಿಲ್ರಿ" ಎಂದಳು. ಪದ್ಧತಿಯನ್ನೆಲ್ಲ ಹೇಳಿದಳು. ಜನ ನಗುತ್ತಾರೆ ಎಂದುಕೊಂಡಿದ್ದಳು, ಯಾರೂ ನಗಲಿಲ್ಲ. ಗುಮಾಸ್ತ ಗಡಿಯಾರ ನೋಡಿದ.

"ಹಂಗಾದ್ರ ಕೌದಿ ಯಾರಿಗಂತ ಹೊಲದೀರಿ?" ಎಂದು ಮಾಸ್ತರು ಕೇಳಿದರು. "ಅವರನ್ನ ಕರಸೂಣು. ಯಾರು ಹೊಲಿ ಅಂದ್ರು ನಿಮಗ?"

"ಯಾರೂ ಅಂದಿಲ್ರಿ. ನಾನ ಗುಡ್ಡ ಹತ್ತಿದೆ, ನಾನ ನೋಡಿದೆ, ನನಗ ತಡಕೊಳ್ಳಾಕ ಆಗಲಿಲ್ಲ, ನಾನ..."

ಮಾತು ಅಲ್ಲಿಗೇ ನಿಂತಿತು. ತಾನಾಡಿದ ಮಾತು ತನಗೇ ಕೇಳಿಸಿದಂತಾಗಿ ಸಕ್ರವ್ವ ಕೌದಿಯ ಕಡೆ ತಿರುಗಿದಳು. ಗಜೇಂದ್ರಗಡದ ಅರ್ಧ ಊರು ಅವಳ ಕೌದಿಯ ಕೆಳಗೆ ಮಲಗುತ್ತಿತ್ತು. ಹಸುಗೂಸು, ಬಾಣಂತಿ, ಮುದುಕರು, ಬೀಗರು. ಅವಳು ಮಾತ್ರ ಅತ್ತೆ ಬಿಟ್ಟುಹೋದ ತೂತಿನ ಕಂಬಳಿಯನ್ನು ಗಂಡನ ಜೊತೆ ಅತ್ತಿತ್ತ ಜಗ್ಗಾಡುತ್ತ ಮಲಗುತ್ತಿದ್ದಳು. ತನಗೆಂದು ಒಂದು ಕೌದಿ ಬೇಕು ಎಂದು ಕೇಳಿದವಳೂ ಅಲ್ಲ, ಹೊಲಿದವಳೂ ಅಲ್ಲ.

"ನಂದ್ರಿ" ಎಂದಳು. ಮತ್ತೆ ಗಟ್ಟಿಯಾಗಿ, ಚಪ್ಪರಕ್ಕೆಲ್ಲ ಕೇಳುವ ಹಾಗೆ: "ಇದು ನನ್ನ ಕೌದಿ!"

ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿಯ ಒಂದು ತುಣುಕು ಮುರಿದು, ಅದರ ಮೇಲೆ ಬೆಲ್ಲದ ಚೂರಿಟ್ಟು, ತನ್ನ ಕೈಯಿಂದ ತೆರೆದ ಮೂಲೆಯೊಳಗೆ ಇಟ್ಟಳು.

"ಅಯ್ಯ, ಇರುವಿ ಹತ್ತತಾವ್ರಿ!" ಎಂದ ಗುಮಾಸ್ತ.

"ಹತ್ತಲೇಳು ತಮ್ಮಾ. ಹೊಲದಾಗ ಇರುವಿ ಇರಂಗಿಲ್ಲೇನು?"

ಚಪ್ಪರವೆಲ್ಲ ಘೊಳ್ಳೆಂದಿತು. ಆ ನಗುವಿನಲ್ಲೇ ಅವಳು ಸರಸರ ಹೊಲಿಗೆ ಹಾಕಿ, ಗಂಟು ಬಿಗಿದು, ದಾರವನ್ನು ಹಲ್ಲಿನಿಂದ ಕಡಿದಳು. ಗುಮಾಸ್ತ ಕೌದಿ ಇಳಿಸಿ ಮಡಚಲು ಕೈ ಚಾಚಿದ. ಸಕ್ರವ್ವ ಅಡ್ಡ ನಿಂತಳು.

"ನಿಂದರ್ರಿ. ಉಂಡ ಕೌದಿ ಮೊದಲ ತನ್ನವರನ್ನ ಮಲಗಸ್ಕೋಬೇಕು. ಆಮ್ಯಾಲ ನಿಮ್ಮ ಲಾರಿ."

"ಈಗೇನ್ರಿ? ಇಲ್ಲೇನ್ರಿ?"

"ನಾಕಕ್ಕ ಲಾರಿ ಅಂದವರು ನೀವ."

ಜಮಖಾನದ ಮೇಲೆ, ಸ್ವೆಟರಿನ ಮೇಜಿನ ಪಕ್ಕದಲ್ಲಿ, ರಣರಣ ಬಿಸಿಲಿನ ಹೊತ್ತಿನಲ್ಲಿ, ಅಷ್ಟು ಜನರೆದುರು ಸಕ್ರವ್ವ ಮೈ ಚಾಚಿ ಮಲಗಿ, ತಲೆಯ ಮೇಲಿಂದ ಕಾಲಿನವರೆಗೆ ಕೌದಿ ಹೊದ್ದುಕೊಂಡಳು. ಹಗಲು ಹೊತ್ತು ಮಲಗಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಗುರುಸಂಗಪ್ಪ ಮಾಸ್ತರು ಎಲ್ಲರಿಗೂ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು.

ಒಳಗೆ ಕತ್ತಲು, ಸೆಕೆ, ಹಳೆ ಸೀರೆಗಳ ವಾಸನೆ. ಎದೆಯ ಮೇಲೆ ಒಂದು ಭಾರ ಒಪ್ಪವಾಗಿ ಕೂತಿತ್ತು. ಇಷ್ಟು ವರ್ಷ ತಾನು ಮಂದಿಗೆ ಕೊಟ್ಟದ್ದು ಇದನ್ನೇ ಎಂದು ಅವಳಿಗೆ ಈಗ ತಿಳಿಯಿತು. ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಎರಡೂ ಹೊರಗೆ ಕೇಳದಂತೆ ಬಾಯಿಗೆ ಸೆರಗು ತುಂಬಿಕೊಂಡಳು. ಕೌದಿ ಅಲುಗಾಡಿದ್ದು ಮಾತ್ರ ಎಲ್ಲರಿಗೂ ಕಂಡಿತು.

ಸ್ವಲ್ಪ ಹೊತ್ತಿಗೆ ಎದ್ದು ಕೂತಾಗ ಕೂದಲು ಕೆದರಿತ್ತು, ಮೈಯೆಲ್ಲ ಬೆವರು. ಸಕ್ಕೂಬಾಯಿ ಹತ್ತಿರ ಕೂತು, "ನಿದ್ದಿ ಹತ್ತಿತೇನ್ರಿ ಸಕ್ರವ್ವಾರ?" ಎಂದು ಮೆಲ್ಲಗೆ ಕೇಳಿದರು.

"ಇಷ್ಟ ಖುಷಿ ಆದಾಗ ನಿದ್ದಿ ಎಲ್ಲಿ ಹತ್ತತೈತ್ರಿ ಬಾಯಾರ?"

ತಾನೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿದಳು. ಗುಮಾಸ್ತ ಈಗ ಅದನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ. ಅವಳು ಒಂದು ಗಳಿಗೆ ಬಿಡಲಿಲ್ಲ.

"ಧಾರವಾಡದಾಗ ಎಲ್ಲಾರಿಗೂ ತೋರಸ್ರಿ" ಎಂದಳು. "ಮುಟ್ಟಿ ನೋಡಿದ್ರ ನೋಡ್ಲಿ, ಬೈಬ್ಯಾಡ್ರಿ. ಆದ್ರ ತಿರಗಿ ತಂದ ಕೊಡ್ರಿ ತಮ್ಮಾ. ನನಗ ಹೊಚಗೊಳ್ಳಾಕ ಬೇಕದು."